ರಾತ್ರಿಗೆ ಬೀಗ ಹಾಕಿದ ಮೇಯರ್

“ಹೊತ್ತು ಮುಳುಗಿದ ಮೇಲೆ ಹೆಣ್ಮಕ್ಕಳಿಗೆ ಹೊರಗೇನು ಕೆಲಸ?”

ಈ ಮಾತನ್ನು ಕೇಳದೆ ಬೆಳೆದ ಹೆಣ್ಣು ನಮ್ಮಲ್ಲಿ ಯಾರಿದ್ದಾರೆ ಹೇಳಿ! ಅಜ್ಜಿ ಹೇಳಿದಳು, ಅವ್ವ ಹೇಳಿದಳು, ಈಗ ನಾವೂ ನಮ್ಮ ಮಗಳಿಗೆ ಹೇಳುತ್ತೇವೆ. ಹೇಳುವಾಗ ನಮ್ಮ ಮನಸ್ಸಿನಲ್ಲಿ ದರ್ಪಕ್ಕಿಂತ ಭಯವೇ ಹೆಚ್ಚು. ಆದರೆ ಅದೇ ಮಗಳು ಓದು ಮುಗಿಸಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ನೌಕರಿಗೆ ಸೇರುತ್ತಾಳೆ. ಒಂದು ದಿನ ಫೋನ್ ಮಾಡಿ, “ಅವ್ವಾ, ಈ ವಾರ ನಂದು ನೈಟ್ ಶಿಫ್ಟ್ ಅದ” ಅನ್ನುತ್ತಾಳೆ. ಆಗ ಅವ್ವನಾದವಳು ಏನು ಹೇಳಬೇಕು?

ಕೊಹಿನೂರ, ಬಸವಕಲ್ಯಾಣ, ಹುಮನಾಬಾದ ಕಡೆಯ ಎಷ್ಟೋ ಮನೆಗಳಿಗೆ ಇದು ಇಂದಿನ ಪ್ರಶ್ನೆ. ಪುಣೆ–ಹೈದರಾಬಾದ ಹೆದ್ದಾರಿ ನಮ್ಮ ಮಗ್ಗುಲಲ್ಲೇ ಹಾದು ಹೋಗುತ್ತದೆ. 2017ರಲ್ಲಿ ಬೀದರ–ಕಲಬುರಗಿ ರೈಲು ಮಾರ್ಗ ತೆರೆದ ಮೇಲೆ ಹುಮನಾಬಾದಿಗೆ ರೈಲೂ ಬಂತು. ಹಾದಿ ಹತ್ತಿರವಾದಷ್ಟೂ ಮಕ್ಕಳು ದೂರ ಹೋಗುತ್ತಾರೆ. ಅವರು ಹೋಗುವ ಊರುಗಳಲ್ಲಿ ರಾತ್ರಿಯೆಂದರೆ ಮಲಗುವ ಹೊತ್ತು ಮಾತ್ರವಲ್ಲ, ದುಡಿಯುವ ಹೊತ್ತೂ ಹೌದು, ಗೆಳತಿಯರೊಡನೆ ನಾಲ್ಕು ಮಾತಾಡಿ ನಗುವ ಹೊತ್ತೂ ಹೌದು.

ಹಾಗಾದರೆ ಊರಿನ ರಾತ್ರಿ ಹೇಗಿರಬೇಕು? ಎಷ್ಟು ಹೊತ್ತಿಗೆ ಬಾಗಿಲು ಹಾಕಬೇಕು? ಹಾಕಿಸುವವರು ಯಾರು? ಬಾಗಿಲು ಹಾಕಿಸಿದರೆ ಊರು ಸುಧಾರಿಸುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೊರಟರೆ ಬೆಂಗಳೂರನ್ನು ದಾಟಿ ಸಮುದ್ರದಾಚೆಯ ಒಬ್ಬ ಮಾಜಿ ಮೇಯರ್ ತನಕ ಹೋಗಬೇಕಾಗುತ್ತದೆ. ಬನ್ನಿ, ಹೋಗಿ ಬರೋಣ.

ಜಾತ್ರೆಯ ರಾತ್ರಿ, ದಿನದ ರಾತ್ರಿ

ಹೋಗುವ ಮುಂಚೆ ನಮ್ಮ ಮನೆಯಂಗಳದ ಒಂದು ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳೋಣ. ನಮ್ಮ ಭಾಗದಲ್ಲಿ ರಾತ್ರಿ ಹೆಣ್ಣುಮಕ್ಕಳಿಗೆ ಪೂರ್ತಿ ನಿಷೇಧವೇನೂ ಆಗಿರಲಿಲ್ಲ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಬಂತೆಂದರೆ ಸೊಸೆಯನ್ನು ತಡೆಯುವ ಅತ್ತೆ ಯಾರಿದ್ದಾರೆ? ಅತ್ತೆಯೇ ಮುಂದೆ ನಿಂತು, “ನಡೀ, ತಡಾ ಆಗ್ತದ” ಎಂದು ಅವಸರ ಮಾಡುತ್ತಾಳೆ. ಮಾಣಿಕನಗರದಲ್ಲಿ ದತ್ತ ಜಯಂತಿಯ ಸಂಗೀತ ಕೇಳುತ್ತ ಕೂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಶಿವರಾತ್ರಿಯ ಜಾಗರಣೆ, ಮೊಹರಮ್ಮಿನ ಅಲಾಯಿ ಕುಣಿತ, ಹಳ್ಳಿಯ ಗುಡಿಯಲ್ಲಿ ತತ್ವಪದದ ಭಜನೆ ಎಲ್ಲವೂ ರಾತ್ರಿಯವೇ.

ಆ ರಾತ್ರಿಗಳಲ್ಲಿ ನಮಗೆ ಭಯವಾಗುವುದಿಲ್ಲ. ಏಕೆ? ದೀಪ ಉರಿಯುತ್ತಿರುತ್ತವೆ. ಬಳೆ ಅಂಗಡಿ, ಭಜಿ ಅಂಗಡಿ ತೆರೆದಿರುತ್ತವೆ. ಎಲ್ಲಿ ನೋಡಿದರೂ ಸಂಸಾರಸ್ಥರು, ಪರಿಚಯದ ಮುಖಗಳು. ಜಾತ್ರೆ ಮುಗಿದ ಮರುವಾರ ಅದೇ ಬೀದಿ, ಅದೇ ಹತ್ತು ಗಂಟೆ. ಆದರೆ ಒಬ್ಬಳೇ ನಡೆಯಲು ಧೈರ್ಯ ಸಾಲದು. ಬೀದಿ ಬದಲಾಗಿಲ್ಲ, ಗಡಿಯಾರ ಬದಲಾಗಿಲ್ಲ. ಬದಲಾದದ್ದು ದೀಪ ಮತ್ತು ಜನ. ಈ ಮಾತು ಮುಂದೆ ಬೇಕಾಗುತ್ತದೆ.

ಬೆಂಗಳೂರಿನ ಗಡಿಯಾರ ಯಾರ ಕೈಯಲ್ಲಿ?

ಬೆಂಗಳೂರಿನಲ್ಲಿ ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಹಾಕಬೇಕೆಂಬ ಜಗಳ ಹಳೆಯದು. ಲೈವ್ ಬ್ಯಾಂಡ್, ಡಿಸ್ಕೋತೆಕ್‌ಗಳಿಗೆ ಪೊಲೀಸರ ಪರವಾನಗಿ ಬೇಕೆಂಬ ಆದೇಶ 2005ರಲ್ಲಿ ಬಂತು. ಅದರ ಮೇಲೆ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ, 2018ರ ಜನವರಿಯಲ್ಲಿ ಕೋರ್ಟು ಆ ಆದೇಶವನ್ನು ಎತ್ತಿ ಹಿಡಿಯಿತು. ನಡುವೆ 2008ರಲ್ಲಿ ಪೊಲೀಸರು ಬಿಗಿ ಮಾಡಿದಾಗ ಮದ್ಯ ಮಾರುವ ಕಡೆಗಳಲ್ಲಿ ಕುಣಿತ ನಿಂತಿತು, ಹಾಡುಗಾರರು, ವಾದ್ಯದವರು ಬೀದಿಗಿಳಿದು ಪ್ರತಿಭಟಿಸಿದರು. ಬಹಳ ಕಾಲ ಇದ್ದ ಹನ್ನೊಂದೂವರೆಯ ಗಡುವು ಆಮೇಲೆ ಸಡಿಲವಾಗಿ ಒಂದು ಗಂಟೆಗೆ ಬಂತು. 2024ರ ಬಜೆಟ್ಟಿನಲ್ಲಿ ರಾಜ್ಯದ ಇನ್ನೂ 10 ಮಹಾನಗರ ಪಾಲಿಕೆಗಳಿಗೂ ಒಂದು ಗಂಟೆಯವರೆಗಿನ ವ್ಯಾಪಾರವನ್ನು ಸಾರಲಾಯಿತು. ಅದರಲ್ಲಿ ನಮ್ಮ ಕಲಬುರಗಿಯೂ ಸೇರಿದೆ.

ಇದರಲ್ಲಿ ಮೇಯರ್ ಎಲ್ಲಿ ಬಂದರು ಎಂದು ಕೇಳುತ್ತೀರಾ? ಅದೇ ವಿಚಿತ್ರ. ನಮ್ಮ ಮೇಯರ್‌ಗಳಿಗೆ ಬಹುಕಾಲ ಇದ್ದದ್ದು ಒಂದೇ ವರ್ಷದ ಅವಧಿ. ಹಾರ ಹಾಕಿಸಿಕೊಂಡು ಕುರ್ಚಿ ಬೆಚ್ಚಗಾಗುವಷ್ಟರಲ್ಲಿ ಇಳಿಯುವ ದಿನ ಬರುತ್ತಿತ್ತು. ರಾತ್ರಿಯ ಗಡುವು ಹಾಕುವ ಅಧಿಕಾರ ಇದ್ದದ್ದು ಸರಕಾರದ ಮತ್ತು ಪೊಲೀಸರ ಕೈಯಲ್ಲಿ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಕೊನೆಯ ಮೇಯರರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಆ ದೊಡ್ಡ ಪಾಲಿಕೆಯನ್ನು ಐದಾಗಿ ಹಂಚಲಾಯಿತು. ಹೀಗಾಗಿ ‘ಇಂಥ ಮೇಯರ್ ಇದ್ದಾಗ ನಮ್ಮ ರಾತ್ರಿ ಹೀಗಾಯಿತು’ ಎಂದು ಲೆಕ್ಕ ಕೇಳಲು ನಮ್ಮಲ್ಲಿ ಯಾರೂ ಸಿಗುವುದಿಲ್ಲ.

ಅಮೆರಿಕದ ನ್ಯೂಯಾರ್ಕಿನಲ್ಲಿ ಹಾಗಲ್ಲ. ಅಲ್ಲಿ ಜನ ನೇರವಾಗಿ ಮೇಯರನ್ನು ಆರಿಸುತ್ತಾರೆ, ನಾಲ್ಕು ವರ್ಷದ ಅವಧಿ. ಪೊಲೀಸ್ ಕಮಿಷನರನ್ನು ನೇಮಿಸುವವರೂ ಮೇಯರೇ. ಅಲ್ಲಿ ಒಬ್ಬ ಮೇಯರ್ ಎಂಟು ವರ್ಷ ಕೂತು ಊರಿನ ರಾತ್ರಿಯನ್ನು ಬಿಗಿ ಮಾಡಿದರು. ಅವರು ಇಳಿದು ಎರಡು ದಶಕಗಳ ಮೇಲಾದರೂ ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ವಾದ ನಿಂತಿಲ್ಲ. ಅವರ ಹೆಸರು ರುಡಾಲ್ಫ್ ಜೂಲಿಯಾನಿ.

ಮೆಚ್ಚುವವರ ಮಾತು

ಜೂಲಿಯಾನಿ ಮೊದಲು ಸರಕಾರಿ ವಕೀಲರಾಗಿ ಮಾಫಿಯಾ ಗುಂಪುಗಳ ಮೇಲೆ ಮೊಕದ್ದಮೆ ನಡೆಸಿ ಹೆಸರು ಮಾಡಿದವರು. 1989ರ ಮೇಯರ್ ಚುನಾವಣೆಯಲ್ಲಿ ಡೇವಿಡ್ ಡಿಂಕಿನ್ಸ್ ಎದುರು ಸೋತರು. ನ್ಯೂಯಾರ್ಕಿನ ಮೊದಲ ಕಪ್ಪು ಮೇಯರ್ ಈ ಡಿಂಕಿನ್ಸ್. 1993ರಲ್ಲಿ ಜೂಲಿಯಾನಿ ಅವರನ್ನೇ ಸೋಲಿಸಿ, 1994ರ ಜನವರಿ 1ರಂದು ಅಧಿಕಾರಕ್ಕೆ ಬಂದರು. ಇಳಿದದ್ದು 2001ರ ಕೊನೆಗೆ.

ಆಗಿನ ನ್ಯೂಯಾರ್ಕ್ ಎಂಥದೆಂದರೆ, 1990ರ ಒಂದೇ ವರ್ಷದಲ್ಲಿ ಅಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾಗಿದ್ದವು. ನೆಲದಡಿಯ ರೈಲಿನಲ್ಲಿ ಸಂಜೆಯಾದ ಮೇಲೆ ಕೂರಲು ಜನ ಅಂಜುತ್ತಿದ್ದರು. ಊರ ನಡುವಿನ ಟೈಮ್ಸ್ ಸ್ಕ್ವೇರ್ ಹತ್ತಿರ ಅಶ್ಲೀಲ ಚಿತ್ರದ ಟಾಕೀಸುಗಳು, ಅಮಲು ಪದಾರ್ಥ ಮಾರುವವರು. ಮಕ್ಕಳ ಕೈ ಹಿಡಿದು ಅಲ್ಲಿ ಹಾಯುವ ತಾಯಿ ಯಾರು?

ಜೂಲಿಯಾನಿ ಮತ್ತು ಅವರ ಮೊದಲ ಪೊಲೀಸ್ ಕಮಿಷನರ್ ವಿಲಿಯಂ ಬ್ರ್ಯಾಟನ್ ಒಂದು ಸಿದ್ಧಾಂತ ಹಿಡಿದು ಹೊರಟರು. 1982ರಲ್ಲಿ ವಿಲ್ಸನ್, ಕೆಲ್ಲಿಂಗ್ ಎಂಬಿಬ್ಬರು ಬರೆದ ‘ಒಡೆದ ಕಿಟಕಿ’ಯ ಸಿದ್ಧಾಂತ ಅದು. ನಮ್ಮ ಮನೆಯ ಉದಾಹರಣೆಯಲ್ಲೇ ಹೇಳುವುದಾದರೆ, ಅಂಗಳದ ಮೂಲೆಯಲ್ಲಿ ಒಂದು ಹಿಡಿ ಕಸ ಬಿಟ್ಟರೆ ನಾಳೆ ಓಣಿಯವರೆಲ್ಲ ಅಲ್ಲೇ ಕಸ ಸುರಿಯುತ್ತಾರಲ್ಲ, ಹಾಗೆ. ಸಣ್ಣ ಅಶಿಸ್ತನ್ನು ಬಿಟ್ಟರೆ ದೊಡ್ಡ ಅಪರಾಧ ಬೆಳೆಯುತ್ತದೆ ಎಂಬುದು ಅದರ ಸಾರ. ಆದ್ದರಿಂದ ಟಿಕೇಟಿಲ್ಲದೆ ರೈಲು ಹತ್ತುವವರು, ಗೋಡೆಗೆ ಬಣ್ಣ ಬಳಿಯುವವರು, ಸಿಗ್ನಲ್ಲಿನಲ್ಲಿ ಬೇಡವೆಂದರೂ ಕಾರಿನ ಗಾಜು ಒರೆಸಿ ದುಡ್ಡು ಕೇಳುವವರು ಎಲ್ಲರ ಮೇಲೂ ಪೊಲೀಸರು ಬಿದ್ದರು. ಯಾವ ಬೀದಿಯಲ್ಲಿ ಯಾವ ಅಪರಾಧವೆಂದು ಕಂಪ್ಯೂಟರಿನಲ್ಲಿ ಲೆಕ್ಕವಿಟ್ಟು ಠಾಣೆಯ ಅಧಿಕಾರಿಗಳನ್ನು ನಿಲ್ಲಿಸಿ ಕೇಳುವ ಪದ್ಧತಿಯೂ 1994ರಲ್ಲೇ ಶುರುವಾಯಿತು.

ಫಲವೇನಾಯಿತು? ಅವರು ಇಳಿಯುವ ಹೊತ್ತಿಗೆ ವರ್ಷಕ್ಕೆ ಕೊಲೆಗಳು ಸುಮಾರು 650ಕ್ಕೆ ಇಳಿದಿದ್ದವು. ಟೈಮ್ಸ್ ಸ್ಕ್ವೇರ್ ಪಕ್ಕದ 42ನೇ ಬೀದಿಯಲ್ಲಿ ಪಾಳು ಬಿದ್ದಿದ್ದ ಹಳೆಯ ನಾಟಕಮಂದಿರವನ್ನು ಡಿಸ್ನಿ ಕಂಪನಿ 1997ರಲ್ಲಿ ಹೊಸದಾಗಿ ತೆರೆಯಿತು. ಸಂಸಾರಸ್ಥರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರತೊಡಗಿದರು. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳು ಉರುಳಿದಾಗ ಬೀದಿಯಲ್ಲಿ ನಿಂತು ಜನರಿಗೆ ಧೈರ್ಯ ಹೇಳಿದ ಇದೇ ಮೇಯರನ್ನು ‘ಟೈಮ್’ ಪತ್ರಿಕೆ ವರ್ಷದ ವ್ಯಕ್ತಿಯೆಂದು ಆರಿಸಿತು. ಮೆಚ್ಚುವವರು ಕೇಳುವುದಿಷ್ಟೆ: “ಮೊದಲು ಜೀವ ಉಳಿಯಲಿ, ಕುಣಿತ ಆಮೇಲೆ ನೋಡಿಕೊಂಡರಾಯಿತು, ಅಲ್ಲವೇ?” ಮನೆಯಲ್ಲಿ ಮಕ್ಕಳಿರುವ ಯಾರಿಗೂ ಈ ಮಾತನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ.

ಕುಣಿಯಲೂ ಲೈಸೆನ್ಸ್!

ಈಗ ಇನ್ನೊಂದು ಮಗ್ಗುಲು. ನ್ಯೂಯಾರ್ಕಿನಲ್ಲಿ 1926ರ ಒಂದು ಹಳೆಯ ಕಾನೂನಿತ್ತು. ‘ಕ್ಯಾಬರೆ ಕಾನೂನು’ ಎಂದು ಅದಕ್ಕೆ ಹೆಸರು. ತಿಂಡಿ ಅಥವಾ ಪಾನೀಯ ಮಾರುವ ಜಾಗದಲ್ಲಿ ಮೂವರಿಗಿಂತ ಹೆಚ್ಚು ಜನ ಕುಣಿಯಬೇಕಾದರೆ ಮಾಲೀಕನ ಹತ್ತಿರ ವಿಶೇಷ ಲೈಸೆನ್ಸ್ ಇರಬೇಕು. ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್ಮಿನಲ್ಲಿ ಜಾಜ್ ಸಂಗೀತಕ್ಕೆ ಕಪ್ಪು–ಬಿಳಿ ಎನ್ನದೆ ಜನ ಕೂಡಿ ಕುಣಿಯುತ್ತಿದ್ದ ಕಾಲದಲ್ಲಿ ಹುಟ್ಟಿದ ಕಾನೂನು ಇದು.

1940ರಿಂದ 1967ರವರೆಗೆ ಹಾಡುವವರಿಗೂ ಪೊಲೀಸರು ಒಂದು ಕಾರ್ಡು ಕೊಡುತ್ತಿದ್ದರು. ಕಾರ್ಡಿಲ್ಲದವರು ಕ್ಲಬ್ಬಿನಲ್ಲಿ ಹಾಡುವಂತಿಲ್ಲ. ಜಗತ್ಪ್ರಸಿದ್ಧ ಗಾಯಕಿ ಬಿಲಿ ಹಾಲಿಡೇ 1947ರಲ್ಲಿ ಅಮಲು ಪದಾರ್ಥದ ಮೊಕದ್ದಮೆಯಲ್ಲಿ ಜೈಲಿಗೆ ಹೋದರು, ಕಾರ್ಡೂ ಹೋಯಿತು. ಶಿಕ್ಷೆ ಮುಗಿಸಿ ಬಂದು 1948ರಲ್ಲಿ ಕಾರ್ನೆಗಿ ಹಾಲ್ ಎಂಬ ಭವ್ಯ ಸಭಾಂಗಣದಲ್ಲಿ ತುಂಬಿದ ಸಭೆಗೆ ಹಾಡಿದ ಆ ಹೆಣ್ಣುಮಗಳಿಗೆ ಅದೇ ಊರಿನ ಸಣ್ಣ ಕ್ಲಬ್ಬುಗಳಲ್ಲಿ ಹಾಡಿ ಹೊಟ್ಟೆ ಹೊರೆಯಲು ಅನುಮತಿ ಇರಲಿಲ್ಲ. ಎಂಥ ನ್ಯಾಯ ನೋಡಿ!

ವರ್ಷಗಳು ಕಳೆದಂತೆ ಈ ಕಾನೂನು ಧೂಳು ಹಿಡಿದು ಮೂಲೆಗೆ ಬಿದ್ದಿತ್ತು. ಜೂಲಿಯಾನಿ ಅದರ ಧೂಳು ಕೊಡವಿದರು. ಪೊಲೀಸ್, ಅಗ್ನಿಶಾಮಕ, ಕಟ್ಟಡ ಮುಂತಾದ ಇಲಾಖೆಗಳ ಕೂಡು ತಂಡ ರಾತ್ರಿ ಕ್ಲಬ್ಬುಗಳಿಗೆ ನುಗ್ಗಿ, ನಾಲ್ಕು ಜನ ಮೈ ಕುಣಿಸಿದ್ದು ಕಂಡರೂ ದಂಡ ಹಾಕುವುದು, ಬೀಗ ಜಡಿಯುವುದು ಶುರುವಾಯಿತು. ಸಣ್ಣ ಹೋಟೆಲು, ಬಾರುಗಳ ಗೋಡೆಗಳಲ್ಲಿ ‘ಇಲ್ಲಿ ಕುಣಿಯಬಾರದು’ ಎಂಬ ಬೋರ್ಡು ಬಂತು. ದೊಡ್ಡ ಬಂಡವಾಳದವರು ಲಾಯರನ್ನಿಟ್ಟು ಲೈಸೆನ್ಸ್ ಪಡೆದುಕೊಂಡರು. ಅದು ಸಿಗದ ಸಣ್ಣವರು ಬಾಗಿಲು ಹಾಕಿದರು.

ಪೊಲೀಸರ ಬಿಗಿ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳಲಿಲ್ಲ ಎಂಬುದು ಇನ್ನೂ ದೊಡ್ಡ ದೂರು. 1999ರ ಫೆಬ್ರುವರಿಯಲ್ಲಿ ಆಫ್ರಿಕದ ಗಿನಿ ದೇಶದಿಂದ ಬಂದಿದ್ದ 23 ವರ್ಷದ ಹುಡುಗನೊಬ್ಬ ರಾತ್ರಿ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದ. ಜೇಬಿನಿಂದ ಪಾಕೀಟು ತೆಗೆದದ್ದನ್ನು ಪಿಸ್ತೂಲೆಂದು ತಿಳಿದ ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. ಹುಡುಗನ ಹತ್ತಿರ ಯಾವ ಆಯುಧವೂ ಇರಲಿಲ್ಲ. ಮರುವರ್ಷ ಆ ನಾಲ್ವರೂ ಖುಲಾಸೆಯಾದರು. ಮಗನನ್ನು ದುಡಿಯಲು ಕಳಿಸಿದ ಆ ತಾಯಿ ಹೆಣ ಒಯ್ಯಲು ಅಮೆರಿಕಕ್ಕೆ ಬರಬೇಕಾಯಿತು. ಊರು ಸುರಕ್ಷಿತವಾಯಿತೆಂಬ ಮಾತು ಆ ತಾಯಿಯ ಕಿವಿಗೆ ಹೇಗೆ ಕೇಳಿಸಿದ್ದೀತು?

ಬೀಗಕ್ಕೂ ಶಾಂತಿಗೂ ಏನು ಸಂಬಂಧ?

ಹಾಗಾದರೆ ಕೊಲೆಗಳು ಕಡಿಮೆಯಾದದ್ದು ಸುಳ್ಳೇ? ಸುಳ್ಳಲ್ಲ. ಆದರೆ ಅಡುಗೆ ರುಚಿಯಾದಾಗ ಕೊನೆಗೆ ಒಗ್ಗರಣೆ ಹಾಕಿದವರೇ ಎಲ್ಲ ಹೊಗಳಿಕೆ ತೆಗೆದುಕೊಂಡರೆ ಬೆಳಗಿನಿಂದ ಬೇಳೆ ಬೇಯಿಸಿದವಳು ಸುಮ್ಮನಿರುತ್ತಾಳೆಯೇ? ಇಲ್ಲೂ ಲೆಕ್ಕ ಸ್ವಲ್ಪ ಹಾಗೇ ಇದೆ.

ಕೊಲೆಗಳ ಇಳಿಕೆ ಜೂಲಿಯಾನಿ ಬರುವ ಮೊದಲೇ ತೊಡಗಿತ್ತು. ತೆರಿಗೆ ಹೆಚ್ಚಿಸಿ ಸಾವಿರಾರು ಹೊಸ ಪೊಲೀಸರನ್ನು ತೆಗೆದುಕೊಳ್ಳುವ ಯೋಜನೆಗೆ 1991ರಲ್ಲಿ ಒಪ್ಪಿಗೆ ಪಡೆದವರು ಹಿಂದಿನ ಮೇಯರ್ ಡಿಂಕಿನ್ಸ್. 42ನೇ ಬೀದಿಯನ್ನು ಸುಧಾರಿಸುವ ಕೆಲಸದ ಬೀಜ ಬಿದ್ದದ್ದೂ ಜೂಲಿಯಾನಿಗಿಂತ ಮೊದಲೇ. ಅಲ್ಲದೆ ಆ ಹತ್ತು ವರ್ಷಗಳಲ್ಲಿ ಅಮೆರಿಕದ ಬಹಳಷ್ಟು ದೊಡ್ಡ ಊರುಗಳಲ್ಲಿ ಅಪರಾಧ ಇಳಿಯಿತು. ನ್ಯೂಯಾರ್ಕಿನಷ್ಟು ಬಿಗಿ ಮಾಡದ ಊರುಗಳಲ್ಲೂ ಇಳಿಯಿತು. ಜೂಲಿಯಾನಿಯ ಪೊಲೀಸರು ಚುರುಕಾಗಿ ಕೆಲಸ ಮಾಡಿದರೆಂಬುದನ್ನು ವಿರೋಧಿಗಳೂ ಪೂರ್ತಿ ಅಲ್ಲಗಳೆಯುವುದಿಲ್ಲ. ಪಾಲು ಎಷ್ಟು ಎಂಬಲ್ಲೇ ವಾದ.

ಕುಣಿತಕ್ಕೆ ಹಾಕಿದ ಬೀಗದ ವಿಷಯದಲ್ಲಿ ಮಾತ್ರ ಕಾಲವೇ ಸಾಕ್ಷಿ ಹೇಳಿತು. 2017ರ ಅಕ್ಟೋಬರ್ 31ರಂದು ನ್ಯೂಯಾರ್ಕಿನ ನಗರಸಭೆ ಕ್ಯಾಬರೆ ಕಾನೂನನ್ನು ರದ್ದು ಮಾಡಿತು. ಆಗಿನ ಮೇಯರ್ ಬಿಲ್ ಡಿ ಬ್ಲಾಸಿಯೋ ನವೆಂಬರಿನಲ್ಲಿ ರುಜು ಹಾಕಿದರು. ಸಾವಿರಾರು ಹೋಟೆಲು, ಬಾರುಗಳ ಆ ಊರಿನಲ್ಲಿ ಕುಣಿತದ ಲೈಸೆನ್ಸ್ ಇದ್ದದ್ದು ನೂರಕ್ಕೂ ಕಡಿಮೆ ಕಡೆ. ಅದೇ 2017ರಲ್ಲಿ ನ್ಯೂಯಾರ್ಕಿನ ಕೊಲೆಗಳ ಸಂಖ್ಯೆ 300ಕ್ಕಿಂತ ಕೆಳಗಿಳಿದಿತ್ತು. ಬೀಗ ತೆಗೆದ ಮರುವರ್ಷವೂ 300 ದಾಟಲಿಲ್ಲ. ನಾಲ್ಕು ಜನ ಕುಣಿದರೆ ಊರು ಕೆಡುತ್ತದೆ ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕೇ?

ಇನ್ನೂ ಒಂದು ಒಳ್ಳೆಯ ಕೆಲಸ ಆಯಿತು. ರಾತ್ರಿ ವ್ಯಾಪಾರ ಮಾಡುವವರು, ರಾತ್ರಿ ದುಡಿಯುವವರು, ಮೇಲಿನ ಮಹಡಿಯಲ್ಲಿ ನಿದ್ದೆಗಾಗಿ ಒದ್ದಾಡುವವರು ಎಲ್ಲರ ಮಾತನ್ನೂ ಕೂರಿಸಿ ಕೇಳಲು ನಗರಾಡಳಿತ ‘ರಾತ್ರಿ ಜೀವನ’ಕ್ಕೆಂದೇ ಒಂದು ಕಚೇರಿ ತೆರೆಯಿತು. 2018ರಲ್ಲಿ ಅದರ ಮೊದಲ ಮುಖ್ಯಸ್ಥೆಯಾದವರು ಏರಿಯಲ್ ಪಾಲಿಟ್ಜ್ ಎಂಬ ಮಹಿಳೆ. ಸ್ವತಃ ಕ್ಲಬ್ ನಡೆಸಿ ಅನುಭವ ಇದ್ದವರು. ಲಾಠಿ ಹಿಡಿದು ಹೋಗುವ ಕಡೆ ಮೊದಲು ಮಾತಾಡಿ ನೋಡುವ ಏರ್ಪಾಡು ಇದು.

ಕಿಟಕಿಯಲ್ಲಿ ಕೂತ ಕಣ್ಣುಗಳು

ಈ ವಾದವೆಲ್ಲ ಹುಟ್ಟುವ ಬಹಳ ಮೊದಲೇ ಅದೇ ನ್ಯೂಯಾರ್ಕಿನಲ್ಲಿ ಮೂರು ಮಕ್ಕಳ ತಾಯಿಯೊಬ್ಬರು ಸಮಸ್ಯೆಯ ಬೇರು ಹಿಡಿದಿದ್ದರು. ಅವರು ಜೇನ್ ಜೇಕಬ್ಸ್. ಪತ್ರಿಕೆಯಲ್ಲಿ ಕೆಲಸ, ಮನೆಯಲ್ಲಿ ಸಂಸಾರ. ನಗರ ಯೋಜನೆಯ ಡಿಗ್ರಿ ಅವರಲ್ಲಿರಲಿಲ್ಲ. ತಮ್ಮ ಮನೆ ಇದ್ದ ಹಡ್ಸನ್ ಬೀದಿಯನ್ನು ಕಿಟಕಿಯಿಂದ ನೋಡಿ ನೋಡಿ ಕಲಿತದ್ದನ್ನು 1961ರಲ್ಲಿ ಪುಸ್ತಕವಾಗಿ ಬರೆದರು. ಇಂದಿಗೂ ಇಂಜಿನಿಯರುಗಳು ಅದನ್ನು ಓದುತ್ತಾರೆ.

ಅವರು ಹೇಳಿದ್ದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಬೀದಿಯನ್ನು ಕಾಯುವವರಲ್ಲಿ ಪೊಲೀಸರಿಗಿಂತ ಮೊದಲು ಬರುವವರು ಬೀದಿಯ ಜನ. ಅಂಗಡಿಯಲ್ಲಿ ಕೂತವನು, ಕಟ್ಟೆಯ ಮೇಲೆ ಕೂತ ಮುದುಕಿ, ಕಿಟಕಿಯಿಂದ ಇಣುಕುವ ಗೃಹಿಣಿ. ಇವರ ಕಣ್ಣು ಬೀದಿಯ ಮೇಲಿದ್ದರೆ ಕಳ್ಳನಿಗೂ ಪುಂಡನಿಗೂ ಕೈ ಓಡುವುದಿಲ್ಲ. ಕಣ್ಣು ಬೀದಿಯ ಮೇಲಿರಬೇಕಾದರೆ ಬೀದಿಯಲ್ಲಿ ನೋಡಲು ಏನಾದರೂ ನಡೆಯುತ್ತಿರಬೇಕು. ತಮ್ಮ ಮನೆಯ ಹತ್ತಿರದ ಹೋಟೆಲು ತಡರಾತ್ರಿವರೆಗೆ ತೆರೆದಿರುವುದರಿಂದಲೇ ಜನರ ಓಡಾಟ ಇದ್ದು, ತಮ್ಮ ಬೀದಿ ಸುರಕ್ಷಿತವಾಗಿದೆ ಎಂದು ಅವರು ಬರೆದರು. ಎಲ್ಲ ಬಾಗಿಲೂ ಒಮ್ಮೆಗೇ ಮುಚ್ಚಿದ ಬೀದಿ ಶಾಂತವಾಗಿ ಕಂಡರೂ ಒಬ್ಬಳೇ ನಡೆಯುವವಳಿಗೆ ಅದೇ ಹೆಚ್ಚು ಭಯದ ಬೀದಿ.

ನಮ್ಮ ಜಾತ್ರೆಯ ರಾತ್ರಿಯ ಗುಟ್ಟೂ ಇದೇ ಅಲ್ಲವೇ?

“ಹಂಗಾದ್ರ ನಮ್ಮ ಓಣ್ಯಾಗ ಬಾರು ರಾತ್ರಿ ಒಂದರ ತನಕ ತೆರದಿರಬೇಕೇನ್ರಿ?” ಎಂದು ಯಾರಾದರೂ ಸಿಟ್ಟಿನಿಂದ ಕೇಳಬಹುದು. ಕೇಳಲೇಬೇಕು. ಕುಡಿತ ಮನೆಗಳನ್ನು ಹೇಗೆ ತಿನ್ನುತ್ತದೆಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಾಗ ಉಸಿರು ಬಿಟ್ಟವರು ಹೆಂಗಸರೇ. ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಕಡೆ ಪಬ್ಬುಗಳ ಗದ್ದಲದಿಂದ ಮಕ್ಕಳ ಓದು, ಮುದುಕರ ನಿದ್ದೆ ಹಾಳಾಗುತ್ತದೆಂದು ನಿವಾಸಿಗಳು ದೂರುವುದರಲ್ಲೂ ನ್ಯಾಯವಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬೇಡವೆಂಬ 2000ದ ಕೇಂದ್ರ ನಿಯಮ ಬಂದದ್ದೂ ಇದಕ್ಕೇ. ಬೀದಿಗೆ ಬೇಕಾದದ್ದು ಜನ. ಅದು ಔಷಧಿ ಅಂಗಡಿ, ಚಹಾದಂಗಡಿ, ಖಾನಾವಳಿ, ಬಸ್ ಸ್ಟ್ಯಾಂಡು, ನಾಟಕ, ಭಜನೆ ಯಾವುದರಿಂದ ಬಂದರೂ ಆದೀತು. ರಾತ್ರಿ ಬೇರೆ, ಅಮಲು ಬೇರೆ. ಎರಡನ್ನೂ ಒಂದೇ ಮಾಡಿ ಒಂದೇ ಬೀಗ ಹಾಕಿದಾಗಲೇ ತೊಂದರೆ.

ಬೀಗದ ಬಿಸಿ ತಟ್ಟುವುದು ಯಾರಿಗೆ?

ನೆರೆಯ ಮಹಾರಾಷ್ಟ್ರವನ್ನೇ ನೋಡಿ. 2005ರಲ್ಲಿ ಅಲ್ಲಿನ ಸರಕಾರ ಡ್ಯಾನ್ಸ್ ಬಾರುಗಳನ್ನು ನಿಷೇಧಿಸಿತು. ಹೆಣ್ಣಿನ ಮಾನ ಕಾಪಾಡಲೆಂದು ತಂದ ಕಾನೂನಿನಿಂದ ಮೊದಲು ಕೆಲಸ ಕಳೆದುಕೊಂಡವರು ಅಲ್ಲಿ ಕುಣಿದು ಸಂಸಾರ ಸಾಕುತ್ತಿದ್ದ ಹೆಣ್ಣುಮಕ್ಕಳು. ಅವರಿಗೆ ಬೇರೆ ಅನ್ನದ ದಾರಿ ತೋರಿಸಿದವರು ಕಡಿಮೆ. 2013ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧ ಸಲ್ಲದೆಂದು ಹೇಳಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು.

ಬೆಂಗಳೂರಿನಲ್ಲಿ 2005ರ ಡಿಸೆಂಬರಿನಲ್ಲಿ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳನ್ನು ರಾತ್ರಿ ಕೆಲಸಕ್ಕೆ ಕರೆದೊಯ್ಯಲು ಬಂದ ಕ್ಯಾಬ್ ಚಾಲಕನೇ ಅತ್ಯಾಚಾರ ಮಾಡಿ ಕೊಂದ. ಅವಳ ಸಾವಿಗೆ ಪಬ್ಬು ಕಾರಣವಲ್ಲ, ಕುಣಿತ ಕಾರಣವಲ್ಲ. ದುಡಿಯಲು ಹೊರಟಿದ್ದಳು, ಅಷ್ಟೆ. ಕ್ಯಾಬಿನ ಚಾಲಕ ಯಾರು, ಗಾಡಿ ಯಾವುದು ಎಂದು ಪರೀಕ್ಷಿಸುವ ಏರ್ಪಾಡಿನ ಬಗ್ಗೆ ಕಂಪನಿಗಳು, ಸರಕಾರ ಕಣ್ಣು ತೆರೆದದ್ದು ಆಮೇಲೆ.

2016ರ ಡಿಸೆಂಬರ್ 31ರ ರಾತ್ರಿ ಅದೇ ಊರಿನ ಎಂ.ಜಿ. ರೋಡ್, ಬ್ರಿಗೇಡ್ ರೋಡಿನಲ್ಲಿ ಹೊಸ ವರ್ಷ ನೋಡಲು ಬಂದ ಹೆಣ್ಣುಮಕ್ಕಳ ಮೇಲೆ ಗುಂಪುಗಳು ಕೈ ಹಾಕಿದ ಸುದ್ದಿ ದೇಶವನ್ನೇ ತಲೆ ತಗ್ಗಿಸುವಂತೆ ಮಾಡಿತು. ಅಲ್ಲಿ ದೀಪವಿತ್ತು, ಜನವಿತ್ತು, ಪೊಲೀಸರೂ ಇದ್ದರು. ಹಾಗಾದರೆ ಜೇನ್ ಜೇಕಬ್ಸ್ ಮಾತು ಸುಳ್ಳಾಯಿತೇ? ಇಲ್ಲ. ಆ ಜಂಗುಳಿಯಲ್ಲಿ ಬಹುಪಾಲು ಗಂಡಸರು, ಅದರಲ್ಲೂ ಅಮಲೇರಿದವರು. ಸಂಸಾರಸ್ಥರು, ಹೆಂಗಸರು, ಮುದುಕರು, ಮಕ್ಕಳು ಸಮನಾಗಿ ಬೆರೆತ ಜನಸಂದಣಿಗೂ ಇದಕ್ಕೂ ಹೋಲಿಕೆಯಿಲ್ಲ. ವರ್ಷವಿಡೀ ಹೆಣ್ಣುಮಕ್ಕಳನ್ನು ರಾತ್ರಿಯಿಂದ ದೂರವಿಟ್ಟರೆ ರಾತ್ರಿ ಗಂಡಸರದ್ದೇ ಆಗುತ್ತದೆ. ಆಗ ಒಂದು ದಿನ ಹೊರಬಂದ ಹೆಣ್ಣು ಅವರ ಕಣ್ಣಿಗೆ ಹೊರಗಿನವಳಾಗಿ ಕಾಣುತ್ತಾಳೆ.

ಇಷ್ಟೆಲ್ಲ ಆದರೂ ಹೆಣ್ಣು ರಾತ್ರಿಯಿಂದ ಹಿಂದೆ ಸರಿದಿಲ್ಲ. 1948ರ ಕಾರ್ಖಾನೆ ಕಾನೂನು ಹೆಂಗಸರಿಗೆ ರಾತ್ರಿ ಪಾಳಿ ಬೇಡವೆಂದಿತ್ತು. ಕರ್ನಾಟಕ ಸರಕಾರ 2019ರಲ್ಲಿ, ಅವಳ ಒಪ್ಪಿಗೆ ಇರಬೇಕು, ಹೋಗಿ ಬರಲು ಗಾಡಿ ಕೊಡಬೇಕು ಮುಂತಾದ ಕಟ್ಟಳೆಗಳೊಡನೆ ಕಾರ್ಖಾನೆಗಳಲ್ಲೂ ರಾತ್ರಿ ಕೆಲಸಕ್ಕೆ ಅವಕಾಶ ಕೊಟ್ಟಿತು. ಆಸ್ಪತ್ರೆಯ ನರ್ಸಮ್ಮ ಎಂದಿನಿಂದಲೂ ರಾತ್ರಿ ದುಡಿದವಳೇ. ನಡುರಾತ್ರಿ ಹೆರಿಗೆ ನೋವು ಬಂದ ಬಸುರಿಯ ಜೊತೆ ಆಸ್ಪತ್ರೆಗೆ ಓಡುವ ಆಶಾ ಕಾರ್ಯಕರ್ತೆಗೆ, “ಹೊತ್ತು ಮುಳುಗಿದೆ, ಹೊರಗೇನು ಕೆಲಸ?” ಎಂದು ಕೇಳುವವರಾರು?

ಬಹಳ ಕಾಲ ನಾವು ಬಾಯಿಬಿಟ್ಟು ಹೇಳದ ಇನ್ನೊಂದು ಮಾತೂ ಇದೆ. ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಹೊರಗೆ ಬರಬಾರದೆಂದು ಹೇಳಿಸಿಕೊಂಡ ಹೆಣ್ಣೇ ಬಹಿರ್ದೆಸೆಗೆ ಕತ್ತಲಾಗುವುದನ್ನೇ ಕಾಯಬೇಕಾಗಿತ್ತು. ಮನೆಯಲ್ಲಿ ಶೌಚಾಲಯವಿಲ್ಲದ ಅವಳಿಗೆ ಚೆಂಬು ಹಿಡಿದು ಹೊಲದ ಬದುವಿನತ್ತ ನಡೆಯುವುದೇ ರಾತ್ರಿಯ ಸಂಚಾರ. ಹಾವು, ಚೇಳು, ಮನುಷ್ಯರ ಭಯ ಎಲ್ಲ ಜೊತೆಗಿತ್ತು. ರಾತ್ರಿ ಸುರಕ್ಷಿತವಾಗಿರಲಿ ಎಂಬ ಬೇಡಿಕೆ ಪಟ್ಟಣದ ಮೋಜಿನ ಹುಡುಗಿಯರದ್ದೆಂದು ನಗುವವರು ಈ ಚೆಂಬನ್ನು ನೆನಪಿಟ್ಟುಕೊಳ್ಳಲಿ.

ನಾವು ಮಾಡಬಹುದಾದದ್ದು

ಮೇಯರ್ ಇಲ್ಲದ ಊರುಗಳು ನಮ್ಮವು. ನಗರಸಭೆ, ಪುರಸಭೆ, ಗ್ರಾಮ ಪಂಚಾಯ್ತಿಗಳೇ ನಮ್ಮ ಪಾಲಿಗೆ ಮೇಯರ್. ಅಲ್ಲಿ ಇಂದು ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಹಾಗಾಗಿ ಕೇಳುವವರೂ ನಾವೇ, ಮಾಡಿಸುವವರೂ ನಾವೇ ಆಗಬಹುದು.

ಬೀದಿದೀಪ: ನಿಮ್ಮ ಓಣಿಯಲ್ಲಿ ಯಾವ ಕಂಬದ ದೀಪ ಉರಿಯುತ್ತಿಲ್ಲವೆಂದು ನಾಲ್ಕು ಮನೆಯವರು ಸೇರಿ ಚೀಟಿ ಮಾಡಿ, ಕಂಬದ ಗುರುತು ಬರೆದು, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನೇ ಮತ್ತೆ ಕೇಳಿ. ದೀಪ ಬೆಳಗಿಸುವುದು ಅವರ ಕರ್ತವ್ಯವೇ ಹೊರತು ಉಪಕಾರವಲ್ಲ.

ಬಸ್ ಸ್ಟ್ಯಾಂಡು: ಮಗಳು ರಾತ್ರಿ ಬಸ್ಸಿಗೆ ಬರುವ ದಿನ ಅಲ್ಲಿ ದೀಪ, ಹೆಂಗಸರ ಶೌಚಾಲಯ, ತೆರೆದ ಒಂದು ಅಂಗಡಿ ಇದೆಯೇ ನೋಡಿ. ಇಲ್ಲದಿದ್ದರೆ ಸಾರಿಗೆ ನಿಗಮಕ್ಕೆ ಬರೆಯಿರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಬಸ್ ಪ್ರಯಾಣ ಹೆಚ್ಚಿದೆ. ಪ್ರಯಾಣಿಸುವವರು ನಾವಾದ ಮೇಲೆ ಅನುಕೂಲ ಕೇಳುವುದಕ್ಕೆ ಸಂಕೋಚವೇಕೆ?

ರಾತ್ರಿ ಪಾಳಿಯ ಮಗಳು: “ಬೇಡ, ಬಿಟ್ಟು ಬಾ” ಎನ್ನುವ ಮೊದಲು ನಾ��್ಕು ಪ್ರಶ್ನೆ ಕೇಳಿ. ಕಂಪನಿ ಗಾಡಿ ಕೊಡುತ್ತದೆಯೇ? ಕೊನೆಗೆ ಇಳಿಯುವವಳು ನೀನೊಬ್ಬಳೇ ಆದರೆ ಜೊತೆಗೆ ಕಾವಲಿನವರು ಇರುತ್ತಾರೆಯೇ? ಚಾಲಕ ಬದಲಾದರೆ ಮೊದಲೇ ತಿಳಿಸುತ್ತಾರೆಯೇ? ಗಾಡಿಯ ನಂಬರು ನಮಗೆ ಕಳಿಸುತ್ತೀಯಾ? ತುರ್ತಿಗೆ 112, ಮಹಿಳಾ ಸಹಾಯವಾಣಿ 181 ಅವಳ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ.

ಮಗ: ಅವನು ರಾತ್ರಿ ಹನ್ನೊಂದಕ್ಕೆ ಬಂದರೂ ಊಟ ಬಡಿಸಿ ಸುಮ್ಮನಾಗುತ್ತೇವೆ. ಎಲ್ಲಿದ್ದಿ, ಯಾರ ಜೊತೆ ಇದ್ದಿ, ಕಟ್ಟೆಯ ಮೇಲೆ ಕೂತು ಹೋಗಿ ಬರುವ ಹುಡುಗಿಯರನ್ನು ಹೇಗೆ ನೋಡಿದಿ ಎಂದು ಅವನನ್ನೂ ಕೇಳೋಣ. ಬೀದಿಯ ಭಯ ಅರ್ಧ ಇಳಿಯುವುದು ಅಲ್ಲಿಂದಲೇ.

ಜೂಲಿಯಾನಿಯವರ ಮುಂದಿನ ಕತೆ ಅಷ್ಟು ಚೆನ್ನಾಗಿಲ್ಲ. 2020ರ ಅಧ್ಯಕ್ಷ ಚುನಾವಣೆಯ ಬಗ್ಗೆ ಸುಳ್ಳು ಹೇಳಿದರೆಂದು 2024ರ ಜುಲೈನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವರ ವಕೀಲಿಕೆಯ ಸನ್ನದನ್ನೇ ಕಿತ್ತುಕೊಂಡಿತು. ಆದರೂ ಅವರು ಮೇಯರ್ ಆಗಿ ಮಾಡಿದ್ದನ್ನು ಇದರಿಂದ ಅಳೆಯುವುದು ಸರಿಯಲ್ಲ. ಹೊಗಳುವವರು ಕೊಲೆಯ ಲೆಕ್ಕ ತೋರಿಸಲಿ, ತೆಗಳುವವರು ಮುಚ್ಚಿದ ಬಾಗಿಲು ತೋರಿಸಲಿ. ನಮ್ಮಂಥ ತಾಯಂದಿರ ಅಳತೆಗೋಲು ಒಂದೇ: ಆ ಊರಿನಲ್ಲಿ ನಮ್ಮ ಮಗಳು ರಾತ್ರಿ ಕೆಲಸ ಮುಗಿಸಿ, ಯಾರಿಗೂ ಅಂಜದೆ, ಯಾರಿಗೂ ಲೆಕ್ಕ ಕೊಡದೆ ಮನೆ ಸೇರುತ್ತಾಳೆಯೇ?

ನ್ಯೂಯಾರ್ಕಿನ ಮೇಯರಿಗೂ ಇದೇ ಪರೀಕ್ಷೆ, ಬೆಂಗಳೂರಿನ ಕಮಿಷನರಿಗೂ ಇದೇ, ನಮ್ಮ ವಾರ್ಡಿನ ಮೆಂಬರಿಗೂ ಇದೇ. ಕೊಹಿನೂರ ಎಂದರೆ ಫಾರ್ಸಿಯಲ್ಲಿ ‘ಬೆಳಕಿನ ಬೆಟ್ಟ’ ಎಂದರ್ಥ. ನಮಗೆ ಬೆಟ್ಟದಷ್ಟು ಬೆಳಕೇನೂ ಬೇಕಾಗಿಲ್ಲ. ಓಣಿಗೆರಡು ದೀಪ, ಮೂಲೆಗೊಂದು ತೆರೆದ ಅಂಗಡಿ, ಕಟ್ಟೆಯ ಮೇಲೆ ನಾಲ್ಕು ಒಳ್ಳೆಯ ಕಣ್ಣು ಇದ್ದರೆ ಸಾಕು. ಮುಂದಿನ ಗ್ರಾಮಸಭೆ, ವಾರ್ಡ್ ಸಭೆ ಎಂದು ಎಂದು ವಿಚಾರಿಸಿ ಇಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ಓಣಿಯ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗಿ.